ಹಳೆಯ ಸಮಾಧಿಸ್ಥಳದ ಅಂಚೆಪೆಟ್ಟಿಗೆ

ನಮ್ಮ ಪಾಠಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಪ್ರೀತಿಯಿಂದ ಕೇಳಿಕೊಂಡಿದ್ದಾರೆ. ನಾನು ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಅಮೆರಿಕ ದೇಶಕ್ಕೆ ಹೋಗಿ ಬಂದವಳಾದುದರಿಂದ, ಅಲ್ಲಿಯ ಮಹಾನಗರಗಳನ್ನೂ ಜಲಪಾತಗಳನ್ನೂ ವರ್ಣಿಸಿದರೆ ವಾಚಕರಿಗೆ ಸಂತೋಷವಾದೀತೆಂದೂ ಸೂಚಿಸಿದ್ದಾರೆ. ಆದರೆ ಅಂಥ ವರ್ಣನೆಗಳು ಈಗ ಎಲ್ಲೆಲ್ಲಿಯೂ ದೊರೆಯುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ಸ್ಥಳಗಳನ್ನು ಸ್ವತಃ ನೋಡಿಯೂ ಇದ್ದಾರೆ. ಆದಕಾರಣ ಬುತ್ತಿಯ ಡಬ್ಬಿಗಿಂತ ದೊಡ್ಡದಲ್ಲದ ಒಂದು ಪೆಟ್ಟಿಗೆಯ ವಿಷಯವನ್ನು ಬರೆಯಲು ಮನಸ್ಸು ಮಾಡಿದ್ದೇನೆ. ಅದು ಒಂದು ಹಳೆಯ ಸಮಾಧಿಸ್ಥಳದ ಗೋಡೆಯೊಳಗೆ ಅಡಗಿತ್ತು. ಸಮಾಧಿಸ್ಥಳವೆಂದ ಕೂಡಲೆ ತಂದೆತಾಯಿಗಳು ಈ ಪುಟವನ್ನು ಮಕ್ಕಳ ಕೈಯಿಂದ ತೆಗೆದಿಡಬೇಕಾಗಿಲ್ಲ. ಅಕ್ಷರವನ್ನು ಓದಬಲ್ಲವರಿಗೆ ಏನು ದೊರೆಯುತ್ತದೆ, ಓದಲಾರದವರಿಗೆ ಏನು ತಪ್ಪಿಹೋಗುತ್ತದೆ ಎಂಬುದೇ ಇದರಲ್ಲಿ ಮುಖ್ಯವಾದ ಮಾತು.

ಮೊದಲು ಈ ವಿನೋದದ ಮೂಲವನ್ನು ಹೇಳಬೇಕು. ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಸೀಮೆಯಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಬಯಲುಂಟು. ಜವುಗು ನೆಲ, ಒರಟು ಹುಲ್ಲು, ಅಲ್ಲಲ್ಲಿ ಗ್ರಾನೈಟು ಬಂಡೆಗಳ ಗುಡ್ಡ. ಮಂಜು ಕವಿದರೆ ಬಲ್ಲವರಿಗೂ ದಾರಿ ತಪ್ಪುವುದು. 1854ರಲ್ಲಿ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು, ಆ ಬಯಲಿನ ಅತಿ ದುರ್ಗಮವಾದ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಕಲ್ಲುಗಳನ್ನು ಗುಪ್ಪೆ ಮಾಡಿ ಅದರೊಳಗೆ ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. 1905ರಲ್ಲಿ ಅಲ್ಲಿ ಸಂದರ್ಶಕರ ಪುಸ್ತಕವನ್ನಿಟ್ಟರು. ತಮ್ಮ ವಿಳಾಸವನ್ನು ತಾವೇ ಬರೆದ ಅಂಚೆಯ ಕಾರ್ಡನ್ನು ಅಲ್ಲಿ ಬಿಟ್ಟು ಬರುವ ಪದ್ಧತಿಯೂ ಬೆಳೆಯಿತು. ಮುಂದೆ ಬಂದವನು ಆ ಕಾರ್ಡನ್ನು ಒಯ್ದು ತನ್ನ ಊರಿನಲ್ಲಿ ಅಂಚೆಗೆ ಹಾಕಬೇಕು. ಕಾರ್ಡು ಮನೆಗೆ ಬರಲು ಎಷ್ಟು ದಿನ ಹಿಡಿಯಿತೋ ಅದರಿಂದ, ಆ ಏಕಾಂತ ಸ್ಥಳಕ್ಕೆ ಮತ್ತೊಬ್ಬ ಮನುಷ್ಯನು ಬರಲು ಎಷ್ಟು ಕಾಲವಾಯಿತೆಂಬುದು ತಿಳಿಯುತ್ತಿತ್ತು. ಅಂಚೆಪೆಟ್ಟಿಗೆ ಎಂಬ ಹೆಸರು ಬಂದುದು ಹೀಗೆ.

ಈ ಆಟವು ಬಹುಕಾಲ ಡಾರ್ಟ್‌ಮೂರಿನಲ್ಲಿಯೇ ಇದ್ದು, 1998ರಲ್ಲಿ ಸ್ಮಿತ್‌ಸೋನಿಯನ್ ಎಂಬ ಮಾಸಪತ್ರಿಕೆಯಲ್ಲಿ ಇದನ್ನು ಕುರಿತ ಲೇಖನವೊಂದು ಪ್ರಕಟವಾದ ಮೇಲೆ ಅಮೆರಿಕದಲ್ಲಿ ಹರಡಿತು. ಈಗಿನ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ: ಒಂದು ಚಿಕ್ಕ ಪುಸ್ತಕ, ಒಂದು ರಬ್ಬರಿನ ಮೊಹರು. ಹುಡುಕಿ ಬಂದವರು ಪೆಟ್ಟಿಗೆಯ ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತಿ, ಎಲ್ಲವನ್ನೂ ಇದ್ದ ಹಾಗೆಯೇ ಅಡಗಿಸಿ ಹೋಗಬೇಕು. ಬೆಲೆಬಾಳುವ ಪದಾರ್ಥ ಯಾವುದೂ ಅದರಲ್ಲಿರುವುದಿಲ್ಲ. ಪೆಟ್ಟಿಗೆಯನ್ನಿಟ್ಟವರು ಅದರ ಸ್ಥಳವನ್ನು ನೇರವಾಗಿ ಹೇಳದೆ ಒಗಟಿನ ಹಾಗೆ ಕೆಲವು ಸುಳಿವುಗಳನ್ನು ಬರೆದಿಡುತ್ತಾರೆ.

ಇಂಥ ಪೆಟ್ಟಿಗೆಗಳನ್ನು ಹಳೆಯ ಸಮಾಧಿಸ್ಥಳಗಳಲ್ಲಿ ಇಡುವುದೇಕೆಂದು ನಾನು ಕೇಳಿದೆನು. ಸುಳಿವು ಎಂಬುದು ಕದಲದ ವಸ್ತುವನ್ನು ಅವಲಂಬಿಸಬೇಕಷ್ಟೆ. ಅಂಗಡಿಯ ಹೆಸರು ಬದಲಾಗುತ್ತದೆ, ಮರ ಬೀಳುತ್ತದೆ, ಬೀದಿಯನ್ನು ಅಗಲ ಮಾಡುತ್ತಾರೆ. ಕಲ್ಲಿನಲ್ಲಿ ಕೆತ್ತಿದ ಹೆಸರೂ ವರ್ಷವೂ ಹಾಗೆ ಬದಲಾಗುವುದಿಲ್ಲ. ಆದರೆ ಇದಕ್ಕೆ ಕಟ್ಟುನಿಟ್ಟಾದ ಮರ್ಯಾದೆಗಳುಂಟು. ಪೆಟ್ಟಿಗೆಯನ್ನು ಗೋರಿಯ ಮೇಲಾಗಲಿ, ಗೋರಿಯ ಕಲ್ಲಿಗೆ ಒರಗಿಸಿಯಾಗಲಿ ಇಡಕೂಡದು, ನೆಲವನ್ನು ಅಗೆಯಕೂಡದು, ಸ್ಥಳದವರ ಅನುಮತಿ ಪಡೆಯಬೇಕು, ಯಾರಾದರೂ ತಮ್ಮವರ ಗೋರಿಯ ಬಳಿ ನಿಂತಿದ್ದರೆ ಆಟವನ್ನು ಬಿಟ್ಟು ಹಿಂದಿರುಗಬೇಕು.

ನನ್ನ ಮಗಳು ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಹಳೆಯ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಮಗಳಿಗೆ ಈಗ ಹನ್ನೊಂದು ವರ್ಷ. ಮಗುವು ಅಲ್ಲಿಯೇ ಹುಟ್ಟಿ ಬೆಳೆದವಳು. ಮನೆಯಲ್ಲಿ ನಮ್ಮೊಡನೆ ಸರಾಗವಾಗಿ ಕನ್ನಡವನ್ನು ಆಡುತ್ತಾಳೆ, ಆದರೆ ನಾನು ಹೋದಾಗ ಅವಳಿಗೆ ಕನ್ನಡದ ಒಂದು ಅಕ್ಷರವೂ ತಿಳಿದಿರಲಿಲ್ಲ. ಅಕ್ಟೋಬರ್ ತಿಂಗಳ ಒಂದು ಶನಿವಾರ, ಮೇಪಲ್ ಮರಗಳ ಎಲೆಗಳೆಲ್ಲ ಕೆಂಡದಂತೆ ಕೆಂಪಾಗಿದ್ದಾಗ, ಅವಳು ಒಂದು ಚೀಟಿಯನ್ನು ಹಿಡಿದುಕೊಂಡು ಬಂದು, "ಅಜ್ಜೀ, ನೀವು ಟೀಚರಾಗಿದ್ದವರು, ಹಳೆಯ ಇಂಗ್ಲಿಷನ್ನು ಓದಬಲ್ಲಿರಿ. ನನ್ನ ಜೊತೆಗೆ ಬರುತ್ತೀರಾ?" ಎಂದು ಕೇಳಿದಳು. ಚೀಟಿಯಲ್ಲಿದ್ದ ಸುಳಿವುಗಳ ತಾತ್ಪರ್ಯ ಇಷ್ಟು:

ರೆಕ್ಕೆಯುಳ್ಳ ತಲೆಬುರುಡೆಗಳಿಂದ ಹೊರಟು, ರೆಕ್ಕೆಯುಳ್ಳ ಮುಖಗಳನ್ನು ದಾಟಿ, ಅಳುವ ಮರದವರೆಗೆ ನಡೆಯಿರಿ. ಅದನ್ನು ಕಂಡ ಮೇಲೆ ಹಿಂದಿರುಗಿ, ಒಂದೇ ದಿನ ಎರಡು ವರ್ಷಗಳಲ್ಲಿ ತೀರಿಕೊಂಡವಳನ್ನು ಹುಡುಕಿರಿ. ಅವಳ ಬಲಗಡೆಯಲ್ಲಿರುವ ಚಿಕ್ಕವರ ವಯಸ್ಸುಗಳನ್ನು ಕೂಡಿಸಿರಿ. ಅಷ್ಟು ಹೆಜ್ಜೆ ಅವಳ ಕಾಲುಗಳು ತೋರುವ ಕಡೆಗೆ ಹೋಗಿರಿ. ಸಂಗಡಿಗರಂತಿಲ್ಲದವನ ಹಿಂದೆ ನೋಡಿರಿ.

ಆ ಸಮಾಧಿಸ್ಥಳವು ಊರಿನ ಹಳೆಯ ದೇವಾಲಯದ ಹಿಂದೆ, ಗಾರೆಯಿಲ್ಲದೆ ಕಾಡುಗಲ್ಲುಗಳನ್ನು ಪೇರಿಸಿದ ಗೋಡೆಯೊಳಗೆ ಇದೆ. ಅತಿ ಹಳೆಯ ಕಲ್ಲುಗಳು ಸ್ಲೇಟಿನವು. ನಾವೆಲ್ಲರೂ ಒಂದನೆಯ ತರಗತಿಯಲ್ಲಿ ಬಳಪ ಹಿಡಿದು ತಿದ್ದಿದ ಹಲಗೆಯ ಕಲ್ಲೇ ಅದು. ಮುನ್ನೂರು ವರ್ಷಗಳ ಮಳೆ ಹಿಮಗಳನ್ನು ತಾಳಿಯೂ ಅವುಗಳ ಅಕ್ಷರಗಳು ನಿನ್ನೆ ಕೆತ್ತಿದಂತಿವೆ. ಅವುಗಳಿಗಿಂತ ನೂರು ವರ್ಷ ಈಚಿನ ಅಮೃತಶಿಲೆಯ ಕಲ್ಲುಗಳಾದರೋ ಮಳೆನೀರಿಗೆ ಸಕ್ಕರೆಯಂತೆ ಕರಗಿ, ಹೆಸರುಗಳು ಅಳಿಸಿಹೋಗಿವೆ. ಹೆಚ್ಚು ಬೆಲೆ ಕೊಟ್ಟು ತಂದ ಬಿಳಿಯ ಕಲ್ಲು ಮರೆತುಬಿಟ್ಟುದನ್ನು ಬಡವಾದ ಕರಿಯ ಕಲ್ಲು ನೆನಪಿನಲ್ಲಿಟ್ಟುಕೊಂಡಿದೆ.

ಸುಳಿವಿನ ಮೊದಲನೆಯ ಭಾಗವು ನಮಗೆ ಬೇಗನೆ ಅರ್ಥವಾಯಿತು. ಬಾಗಿಲಿನ ಬಳಿಯ ಕಲ್ಲುಗಳ ನೆತ್ತಿಯಲ್ಲಿ ಎರಡು ರೆಕ್ಕೆಗಳ ನಡುವೆ ಹಲ್ಲು ಕಿರಿದ ತಲೆಬುರುಡೆಗಳು. ಮುಂದೆ ಹೋದಂತೆ ಅದೇ ರೆಕ್ಕೆಗಳ ನಡುವೆ ದುಂಡುಗೆನ್ನೆಯ ದೇವದೂತರ ಮುಖಗಳು. ಇನ್ನೂ ಮುಂದೆ, ಒಂದು ಕಲಶದ ಮೇಲೆ ಕೊಂಬೆಗಳನ್ನು ಇಳಿಬಿಟ್ಟ ವಿಲೋ ಮರ. ಡೀಟ್ಜ್ ಮತ್ತು ಡೆತ್ಲೆಫ್‌ಸನ್ ಎಂಬಿಬ್ಬರು ವಿದ್ವಾಂಸರು 1960ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಸಮಾಧಿಸ್ಥಳಗಳಲ್ಲಿ ಈ ಮೂರು ಚಿತ್ರಗಳನ್ನು ವರ್ಷವಾರು ಎಣಿಸಿ, ಒಂದರ ರೂಢಿ ಇಳಿದಂತೆ ಮತ್ತೊಂದರ ರೂಢಿ ಏರಿದುದನ್ನು ತೋರಿಸಿಕೊಟ್ಟರು. ಮರಣದ ಭೀತಿ ಮೊದಲು, ಆಮೇಲೆ ಪುನರುತ್ಥಾನದ ನಿರೀಕ್ಷೆ, ಕೊನೆಗೆ ಉಳಿದವರ ದುಃಖ. ನೂರೈವತ್ತು ವರ್ಷಗಳಲ್ಲಿ ಜನರ ಮನಸ್ಸು ಹೋದ ದಾರಿ ಅದು. "ಮತ್ತೆ ಹಿಂದಕ್ಕೆ ಕಳುಹಿಸುವುದಾದರೆ ಇಷ್ಟು ದೂರ ಏಕೆ ನಡೆಸಿದರು?" ಎಂದು ಮೊಮ್ಮಗಳು ಗೊಣಗಿದಳು. ಅಷ್ಟೂ ಕಲ್ಲುಗಳನ್ನು ನಾವು ನೋಡಲೆಂದೇ ಇರಬೇಕೆಂದು ನಾನು ಹೇಳಿದೆನು.

ಹಿಂದಿರುಗುವಾಗ ಹೆಸರುಗಳನ್ನು ಓದುತ್ತಾ ಬಂದೆವು. ಆ ಕಾಲದ ಹೆಣ್ಣುಮಕ್ಕಳಿಗೆ ಮರ್ಸಿ, ಪೇಶನ್ಸ್, ಥ್ಯಾಂಕ್‌ಫುಲ್ ಎಂಬಂಥ ಗುಣವಾಚಕ ನಾಮಗಳನ್ನು ಇಡುತ್ತಿದ್ದರು. ನಮ್ಮ ಶಾಲೆಯ ಹಾಜರಿ ಪುಸ್ತಕದ ಕರುಣಾ, ಶಾಂತಾ, ಕೃಪಾ ಎಂಬ ಹೆಸರುಗಳು ನನಗೆ ನೆನಪಾದವು. ಆದರೆ ಹೆಂಗಸಿನ ಹೆಸರು ಒಂಟಿಯಾಗಿ ನಿಂತ ಕಲ್ಲು ಅಪರೂಪ. ಇಂಥವನ ಪತ್ನಿ, ಇಂಥವನ ವಿಧವೆ, ಇಂಥವನ ಮಗಳು ಎಂದೇ ಬರೆದಿದೆ. ಬದುಕಿದ್ದಾಗ ಅವಳು ಏನು ಮಾಡುತ್ತಿದ್ದಳೆಂಬುದನ್ನು ಹೇಳುವ ಕಲ್ಲು ಒಂದೂ ಕಾಣಲಿಲ್ಲ. ಗಂಡಸರ ಕಲ್ಲುಗಳ ಮೇಲಾದರೋ ಕ್ಯಾಪ್ಟನ್, ಡೀಕನ್ ಎಂಬ ಪದವಿಗಳು ತಪ್ಪದೆ ಇವೆ.

ಒಂದೇ ದಿನ ಎರಡು ವರ್ಷಗಳಲ್ಲಿ ತೀರಿಕೊಳ್ಳುವುದು ಹೇಗೆ? ಮಗುವು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಒಂದು ಕಲ್ಲಿನ ಮುಂದೆ ಕುಳಿತು, "ಅಜ್ಜೀ, ಇಲ್ಲಿ 1736 ಎಂದು ಬರೆದು, ಒಂದು ಗೆರೆ ಎಳೆದು, ಪಕ್ಕದಲ್ಲಿ 7 ಎಂದು ಕೆತ್ತಿದ್ದಾರೆ" ಎಂದು ಕೂಗಿದಳು. ನಾನು ಇತಿಹಾಸದ ಪಾಠವನ್ನು ಹೇಳಿದ ಪುಣ್ಯಕ್ಕೆ ವಿಷಯವು ನನಗೆ ತಿಳಿದಿತ್ತು. ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ 1752ಕ್ಕೆ ಮುಂಚೆ ಹೊಸ ವರ್ಷವು ಕಾನೂನಿನ ಪ್ರಕಾರ ಮಾರ್ಚಿ 25ರಂದು ಆರಂಭವಾಗುತ್ತಿತ್ತು. ಇತರ ಅನೇಕ ದೇಶಗಳಲ್ಲಿ ಜನವರಿ 1ರಂದೇ ಆರಂಭವಾಗುತ್ತಿತ್ತು. ಆದುದರಿಂದ ಈ ಎರಡು ದಿನಗಳ ನಡುವಣ ತಾರೀಖಿಗೆ ಎರಡು ವರ್ಷಗಳನ್ನೂ ಬರೆಯುವ ವಾಡಿಕೆಯಿತ್ತು. ಆಕೆಯು ತೀರಿಕೊಂಡುದು ಫೆಬ್ರವರಿ ತಿಂಗಳಿನಲ್ಲಿ. ನಮ್ಮ ಸುಳಿವು ಸಿಕ್ಕಿತು.

ಅವಳ ಬಲಗಡೆಯಲ್ಲಿ ಮೊಣಕಾಲೆತ್ತರದ ನಾಲ್ಕು ಚಿಕ್ಕ ಕಲ್ಲುಗಳಿದ್ದವು. ಮಗುವು ಸೀಸದಕಡ್ಡಿಯಿಂದ ಲೆಕ್ಕ ಬರೆದುಕೊಳ್ಳತೊಡಗಿದಳು: ಒಂಬತ್ತು ವರ್ಷ, ಆರು ವರ್ಷ, ನಾಲ್ಕು ವರ್ಷ, ಎರಡು ವರ್ಷ. ಎರಡನೆಯ ಕಲ್ಲಿಗೆ ಬರುವಾಗ ಅವಳ ಧ್ವನಿ ತಗ್ಗಿತು. ಮೂರನೆಯದಕ್ಕೆ ಬಂದಾಗ, "ಎಲ್ಲರೂ ಒಂದೇ ತಿಂಗಳಿನಲ್ಲಿ" ಎಂದಳು. ನಾಲ್ಕನೆಯದನ್ನು ಮೌನವಾಗಿ ಓದಿದಳು. ಕೂಡಿಸಿದಾಗ ಇಪ್ಪತ್ತೊಂದಾಯಿತು.

1735ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಿಂಗ್‌ಸ್ಟನ್ ಎಂಬ ಊರಿನಲ್ಲಿ ಒಂದು ಗಂಟಲ ಬೇನೆ ಕಾಣಿಸಿಕೊಂಡಿತು. ಅದು ಊರಿಂದೂರಿಗೆ ಹರಡಿ, ನಾಲ್ಕೈದು ವರ್ಷಗಳಲ್ಲಿ ನ್ಯೂ ಇಂಗ್ಲೆಂಡಿನ ಸಾವಿರಾರು ಮಕ್ಕಳನ್ನು ಕೊಂಡೊಯ್ದಿತು; ಎಷ್ಟೋ ಮನೆಗಳಲ್ಲಿ ಒಂದು ಮಗುವೂ ಉಳಿಯಲಿಲ್ಲ. ಡಿಫ್ತೀರಿಯಾ ಎಂದು ನಾವು ಈಗ ಕರೆಯುವ ರೋಗವೇ ಅದರಲ್ಲಿ ಮುಖ್ಯವಾಗಿತ್ತೆಂದು ತಿಳಿದವರು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಹಾಕಿಸುವ ತ್ರಿವಳಿ ಲಸಿಕೆಯಲ್ಲಿ ಒಂದು ಇದಕ್ಕಾಗಿಯೇ ಇದೆ. ಸೂಜಿಗೆ ಹೆದರಿ ಅತ್ತ ದಿನವನ್ನು ಮೊಮ್ಮಗಳು ಜ್ಞಾಪಿಸಿಕೊಂಡು, ಎರಡು ವರ್ಷದವನ ಕಲ್ಲಿನ ಮೇಲೆ ಬಿದ್ದಿದ್ದ ಎಲೆಯನ್ನು ಮೆಲ್ಲನೆ ತೆಗೆದಳು. ಇಪ್ಪತ್ತೊಂದು ಎಂಬುದು ಅವಳಿಗೆ ಅಷ್ಟು ಹೊತ್ತಿಗೆ ಹೆಜ್ಜೆಗಳ ಲೆಕ್ಕವಾಗಿ ಉಳಿದಿರಲಿಲ್ಲವೆಂದು ನನಗೆ ತೋರಿತು.

ಹಳೆಯ ಗೋರಿಗಳಲ್ಲಿ ತಲೆಯ ಕಡೆ ದೊಡ್ಡ ಕಲ್ಲನ್ನೂ ಕಾಲಿನ ಕಡೆ ಚಿಕ್ಕ ಕಲ್ಲನ್ನೂ ನೆಡುತ್ತಿದ್ದರು. ಪುನರುತ್ಥಾನದ ದಿನ ಎದ್ದಾಗ ಉದಯಿಸುವ ಸೂರ್ಯನ ಕಡೆಗೆ ಮುಖವಿರಲೆಂದು ಕಾಲುಗಳನ್ನು ಪೂರ್ವಕ್ಕೆ ಮಾಡಿ ಮಲಗಿಸುವ ಪದ್ಧತಿ. ಪೂರ್ವದ ಕಡೆಗೆ ಮಗುವಿನ ಹೆಜ್ಜೆಯಿಂದ ಇಪ್ಪತ್ತೊಂದು ಹೆಜ್ಜೆ ಹಾಕಿದಾಗ ಗೋಡೆ ಎದುರಾಯಿತು. ಬೂದುಬಣ್ಣದ ಕಲ್ಲುಗಳ ನಡುವೆ ಒಂದು ಬಿಳಿಯ ಬೆಣಚುಕಲ್ಲು, ಸಂಗಡಿಗರಂತಿಲ್ಲದವನು ಅವನೇ. ಅದನ್ನು ಸರಿಸಿದಾಗ ಒಳಗೆ ನೀರಿಳಿಯದಂತೆ ಮುಚ್ಚಿದ ಒಂದು ಡಬ್ಬಿಯಿತ್ತು. ಅದರ ಮೊಹರನ್ನು ಯಾರೋ ತಮ್ಮ ಕೈಯಿಂದಲೇ ಕೊರೆದಿದ್ದರು. ಕಾಗದದ ಮೇಲೆ ಒತ್ತಿದಾಗ ಒಂದು ತಾಯಿಕೋಳಿಯೂ ಅದರ ರೆಕ್ಕೆಯ ಕೆಳಗೆ ನಾಲ್ಕು ಮರಿಗಳೂ ಮೂಡಿದವು.

ಮೊಮ್ಮಗಳು ಅಳಿಲಿನ ಚಿತ್ರವುಳ್ಳ ತನ್ನ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತಿದಳು. ಬಳಿಕ ನನ್ನ ಕಡೆಗೆ ತಿರುಗಿ, "ಅಜ್ಜೀ, ನಿಮಗೆ ಮೊಹರಿಲ್ಲವಲ್ಲ, ನಿಮ್ಮ ಹೆಬ್ಬೆಟ್ಟನ್ನು ಒತ್ತಿಬಿಡಿರಿ, ಚೆನ್ನಾಗಿರುತ್ತದೆ" ಎಂದು ಮಸಿಯ ಪ್ಯಾಡನ್ನು ಮುಂದೆ ಹಿಡಿದಳು. ಮಗುವು ಅದನ್ನು ಆಟವೆಂದೇ ಹೇಳಿದಳು. ನಾನಾದರೋ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಲೇಖನಿಯನ್ನು ಕೇಳಿ, ನನ್ನ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆದೆನು. ಅವಳು ಅದನ್ನು ಬಹಳ ಹೊತ್ತು ನೋಡಿ, "ನಿಮ್ಮ ಹೆಸರು ಇದರಲ್ಲಿ ಎಲ್ಲಿಂದ ಆರಂಭವಾಗುತ್ತದೆ?" ಎಂದು ಕೇಳಿದಳು. ಮುನ್ನೂರು ವರ್ಷದ ಹಿಂದಿನ ಪರಕೀಯರ ಕಲ್ಲುಗಳನ್ನು ಓದಿ ಬಂದ ಹುಡುಗಿಗೆ ತನ್ನ ಅಜ್ಜಿಯ ಹೆಸರಿನ ಮೊದಲು ಯಾವುದು ಕೊನೆ ಯಾವುದು ಎಂದು ತಿಳಿಯಲಿಲ್ಲ.

ಆ ಗೋಡೆಯ ಮೇಲೆಯೇ ಕುಳಿತು ನಾನು ಅವಳಿಗೆ ನನ್ನ ತಾಯಿಯ ವಿಷಯವನ್ನು ಹೇಳಿದೆನು. 1950 ಮತ್ತು 60ರ ದಶಕಗಳಲ್ಲಿ ನಮ್ಮ ಬೋರ್ಡಿಂಗಿನಲ್ಲಿದ್ದ ಸಹೋದರಿಯರಿಗೆ ಆಕೆಯನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ನಾನು ಕೈಗೂಸಾಗಿದ್ದಾಗಲೇ ವಿಧವೆಯಾಗಿ, ಬೋರ್ಡಿಂಗಿನ ಅಡಿಗೆಯ ಕೆಲಸಕ್ಕೆ ಸೇರಿದವಳು. ಅರುವತ್ತು ಹುಡುಗಿಯರಿಗೆ ಬೆಳಗಿನ ಗಂಜಿ, ಮಧ್ಯಾಹ್ನದ ಮುದ್ದೆ, ರಾತ್ರಿಯ ಅನ್ನ ಸಾರು. ಯಾವ ಹುಡುಗಿಗೆ ಯಾವ ಪಲ್ಯ ಸೇರದು, ಯಾರಿಗೆ ಜ್ವರ ಬಂದು ಬಿಟ್ಟಿದೆ, ಯಾರ ಮನೆಯಿಂದ ಕಾಗದ ಬರಲಿಲ್ಲ, ಎಲ್ಲವೂ ಆಕೆಗೆ ತಿಳಿದಿತ್ತು. ಶನಿವಾರದ ಸಂಜೆ ಹುಡುಗಿಯರು ಮನೆಗೆ ಬರೆದ ಕಾಗದಗಳ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಂಚೆಯ ಪೆಟ್ಟಿಗೆಗೆ ಹಾಕಿ ಬರುತ್ತಿದ್ದವಳೂ ಆಕೆಯೇ. ಅವುಗಳಲ್ಲಿ ಒಂದು ಅಕ್ಷರವನ್ನೂ ಆಕೆಯು ಓದಲಾರಳು. ತಿಂಗಳ ಮೊದಲ ದಿನ ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟನ್ನು ಒತ್ತಿ, ಆ ಮಸಿಯನ್ನು ಬೂದಿಯಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. "ಇದು ನನ್ನೊಂದಿಗೆ ಮುಗಿಯಲಿ" ಎಂದು ನನಗೆ ಹೇಳುತ್ತಿದ್ದಳು. ನಾನು ಆಕೆಯ ಮಗಳಾಗಿ ಹೆಬ್ಬೆಟ್ಟನ್ನು ಆಟಕ್ಕೂ ಒತ್ತಲಾರೆನು.

ಆಕೆಯು 1963ರಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ವಿಷಮಶೀತ ಜ್ವರದಿಂದ ತೀರಿಕೊಂಡಳು. ಬೋರ್ಡಿಂಗಿನ ಹುಡುಗಿಯರು ತಲೆಗೆ ನಾಲ್ಕಾಣೆಯಂತೆ ಕೂಡಿಸಿ ಒಂದು ಕಡಪದ ಕಲ್ಲನ್ನು ತರಿಸಿದರು. ಕಲ್ಲುಕುಟಿಗನು ಅಕ್ಷರಕ್ಕೆ ಇಷ್ಟು ಎಂದು ಕೂಲಿ ಕೇಳುವವನು. ಕಲ್ಲಿನ ಬೆಲೆ ಹೋಗಿ ಉಳಿದ ಹಣವು ಹೆಚ್ಚು ಅಕ್ಷರಗಳಿಗೆ ಸಾಲಲಿಲ್ಲ. ದೊಡ್ಡ ಹುಡುಗಿಯರು ಸೇರಿ ಯೋಚಿಸಿದರು, ನನ್ನನ್ನೂ ಕೇಳಿದರು. ತಾವು ದಿನವೂ ಕೂಗುತ್ತಿದ್ದ ಒಂದೇ ಮಾತನ್ನೂ ಅದರ ಕೆಳಗೆ ವರ್ಷವನ್ನೂ ಕೆತ್ತಿಸಿದರು. ಆಕೆಗೆ ಬೇರೆ ಹೆಸರುಂಟೆಂಬುದು ಯಾರ ಮನಸ್ಸಿಗೂ ಬರಲಿಲ್ಲ.

"ಆ ಕಲ್ಲಿನ ಮೇಲೆ ಏನು ಬರೆದಿದೆ, ಅಜ್ಜೀ?" ಎಂದು ಮೊಮ್ಮಗಳು ಕೇಳಿದಳು. ನಾನು ಹೇಳಲಿಲ್ಲ, ಬಂದು ಓದಬೇಕೆಂದೆನು. "ಕನ್ನಡದಲ್ಲಿದೆಯೆ? ಹಾಗಾದರೆ ಅದರ ಮುಂದೆ ನಿಂತರೂ ನನಗೆ ಅದು ಸಿಕ್ಕುವುದಿಲ್ಲ" ಎಂದು ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ನಾವು ಕಲ್ಲನ್ನು ನೆಡುವುದು ಮುಂದೆ ಬರುವವರಿಗಾಗಿ. ಕಲ್ಲು ಉಳಿಯಬಹುದು, ಅಕ್ಷರವೂ ಉಳಿಯಬಹುದು. ಓದುವವರ ಸಂತತಿ ನಿಂತುಹೋದರೆ ಸ್ಲೇಟಿಗೂ ಅಮೃತಶಿಲೆಗೂ ಭೇದವೇನು?

ಹಿಂದಿರುಗುವ ದಾರಿಯಲ್ಲಿ ಅವಳಿಗೆ ಮತ್ತೊಂದು ಗೋರಿಯ ಕಥೆಯನ್ನು ಹೇಳಿದೆನು. ಅದೇ ಮ್ಯಾಸಚೂಸೆಟ್ಸಿನ ಹ್ಯಾವರ್‌ಹಿಲ್ ಊರಿನ ಹ್ಯಾರಿಯೆಟ್ ನ್ಯೂವೆಲ್ ಎಂಬಾಕೆ 1812ರ ಫೆಬ್ರವರಿಯಲ್ಲಿ ಸೇಲಂ ರೇವಿನಿಂದ ಹಡಗು ಹತ್ತಿ, ಮಿಶನರಿಯಾದ ಗಂಡನೊಡನೆ ಕಲ್ಕತ್ತೆಗೆ ಬಂದಳು. ಈಸ್ಟ್ ಇಂಡಿಯಾ ಕಂಪೆನಿಯವರು ಅಲ್ಲಿ ನಿಲ್ಲಗೊಡಲಿಲ್ಲ. ಮಾರಿಷಸ್ ದ್ವೀಪಕ್ಕೆ ಹೋಗುವಾಗ ಹಡಗಿನಲ್ಲಿಯೇ ಹೆತ್ತು, ಮಗುವನ್ನು ಕಳೆದುಕೊಂಡು, ಅದೇ ವರ್ಷದ ನವಂಬರಿನಲ್ಲಿ ಆ ದ್ವೀಪದಲ್ಲಿ ತೀರಿಕೊಂಡಾಗ ಆಕೆಗೆ ಹತ್ತೊಂಬತ್ತು ವರ್ಷ. ಹುಟ್ಟಿದ ಊರೆಲ್ಲಿ, ಗೋರಿಯೆಲ್ಲಿ! ನಮ್ಮ ಸಮಾಧಿಸ್ಥಳದಲ್ಲಿಯೂ ಸಮುದ್ರದಾಚೆಯಿಂದ ಬಂದು ಇಲ್ಲಿಯೇ ಮಣ್ಣಾದ ಇಬ್ಬರು ಉಪಾಧ್ಯಾಯಿನಿಯರಿದ್ದಾರೆ. ಅವರ ಮನೆಯವರು ಆ ಕಲ್ಲುಗಳನ್ನು ನೋಡಲು ಬಂದುದನ್ನು ನಾನು ಕಂಡಿಲ್ಲ. ನಾವೇ ಪ್ರತಿ ವರ್ಷ ಅವುಗಳಿಗೆ ಸುಣ್ಣ ಬಳಿದು ಹೂವಿಟ್ಟವರು. ಅಂದು ಅವರ ಮಕ್ಕಳು ನಮ್ಮ ಊರಿಗೆ ಬಂದರು. ಇಂದು ನಮ್ಮ ಮಕ್ಕಳು ಅವರ ಊರುಗಳಿಗೆ ಹೋಗಿದ್ದಾರೆ. ದೂರವಾದವರ ಹೆಸರನ್ನು ಹತ್ತಿರವಿದ್ದವರು ಓದಿಡಬೇಕು.

ಆ ಚಳಿಗಾಲದಲ್ಲಿ, ಹೊರಗೆ ಹಿಮ ಬಿದ್ದು ಬಾಗಿಲು ತೆಗೆಯಲಾಗದ ದಿನಗಳಲ್ಲಿ, ಅಡಿಗೆಮನೆಯ ಮೇಜಿನ ಮೇಲೆ ನಮ್ಮ ಪಾಠಶಾಲೆ ನಡೆಯಿತು. ಬಾಲಬೋಧೆ ಇರಲಿಲ್ಲ. ಅಳಿಸುವ ರಬ್ಬರಿನ ತುಂಡೂ ಒಂದು ಚಿಕ್ಕ ಚಾಕುವೂ ಇದ್ದವು. ಕೊರೆಯುತ್ತಾ ಕಲಿತ ಅಕ್ಷರವನ್ನು ಕೈ ಮರೆಯುವುದಿಲ್ಲ. ಮೊದಲು ಅವಳು 'ಅ' ಎಂಬುದನ್ನು ಇದ್ದ ಹಾಗೆಯೇ ಕೊರೆದಳು. ಒತ್ತಿದಾಗ ಅದು ಎಡಬಲ ತಿರುಗಿ ಮೂಡಿತು. ಆಗ ನಾನು ಅವಳಿಗೆ ಕಲ್ಲಚ್ಚಿನ ವಿಷಯವನ್ನು ಹೇಳಿದೆನು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಪಂಡಿತರು ಮಂಗಳೂರಿನಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯು ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ಕಲ್ಲಿನ ಮೇಲೆ ಅಕ್ಷರವು ತಿರುವುಮುರುವಾಗಿದ್ದರೆ ಮಾತ್ರ ಕಾಗದದ ಮೇಲೆ ನೆಟ್ಟಗಾಗುತ್ತದೆ. ಅವಳು ಒಂದು ಕನ್ನಡಿಯನ್ನು ತಂದು ಎದುರಿಗಿಟ್ಟುಕೊಂಡು, ಅದರಲ್ಲಿ ಕಂಡಂತೆ ಕೊರೆದಳು. ತಲೆಕಟ್ಟಿನ ಬಾಗು, ಹೊಟ್ಟೆಯ ಸುತ್ತು, ಕೆಳಗೆ ತೂಗುವ ಒತ್ತಕ್ಷರ, ಇವುಗಳಿಗೆ ಮೂರು ವಾರ ಹಿಡಿದವು. ಮೊದಲು ಕಲಿಸಿದ ಮಾತು "ಅಮ್ಮ" ಎಂಬುದು. ಆ ಮೊಹರನ್ನು ನಾನು ಏಪ್ರಿಲ್ ತಿಂಗಳಿನಲ್ಲಿ ಊರಿಗೆ ತಂದೆನು. ಅದು ಎಲ್ಲಿಗೆ ಸೇರಿತೆಂಬುದು ಅವಳಿಗೆ ಇನ್ನೂ ಗೊತ್ತಿಲ್ಲ.

ಸಭೆಯ ಹಿರಿಯರ ಅನುಮತಿಯನ್ನು ಪಡೆದು ನಮ್ಮ ಹಳೆಯ ಸಮಾಧಿಸ್ಥಳದಲ್ಲಿ ಒಂದು ಪೆಟ್ಟಿಗೆಯನ್ನು ಇಟ್ಟಿದ್ದೇನೆ. ಒಳಗೆ ಆ ಮೊಹರು, ಒಂದು ಪುಸ್ತಕ, ಒಂದು ಲೇಖನಿ. ಮೊಮ್ಮಗಳು ಬರುವ ಡಿಸೆಂಬರಿನಲ್ಲಿ ಬರುತ್ತಾಳೆ. ಅವಳಿಗೆ ಕೊಡಲು ಕನ್ನಡದಲ್ಲಿ ಬರೆದಿಟ್ಟಿರುವ ಸುಳಿವು ಇದು:

1. ಹುಣಸೆಮರದ ಕಡೆಯ ಚಿಕ್ಕ ಬಾಗಿಲಿನಿಂದ ಒಳಗೆ ಬಾ. ಸಮುದ್ರವನ್ನು ದಾಟಿ ಬಂದ ಇಬ್ಬರಿಗೆ ನಮಸ್ಕಾರ ಮಾಡಿ, ಅವರ ನಡುವೆ ನಡೆದು ಹೋಗು.

2. ದೇವಕಣಗಿಲೆಯ ಮರದಿಂದ ಮೂರನೆಯ ಸಾಲಿನಲ್ಲಿ ಒಂದೇ ಮಾತುಳ್ಳ ಕರಿಯ ಕಲ್ಲನ್ನು ಹುಡುಕು. ಆ ಮಾತನ್ನು ನಿನ್ನ ಕೈ ಬಲ್ಲದು.

3. ಅದರ ಕೆಳಗಿನ ನಾಲ್ಕು ಕನ್ನಡ ಅಂಕೆಗಳನ್ನು ಕೂಡಿಸು. ಅಷ್ಟು ಹೆಜ್ಜೆ ಆಕೆಯ ಕಾಲುಗಳು ತೋರುವ ಕಡೆಗೆ ನಡೆ.

4. ಗೋಡೆಯಲ್ಲಿ ಸುಣ್ಣ ಕಾಣದ ಕಲ್ಲೊಂದು ಸಡಿಲವಾಗಿದೆ. ತೆಗೆಯುವುದಕ್ಕೆ ಮುಂಚೆ ಕೋಲಿನಿಂದ ತಟ್ಟು, ಚೇಳಿದ್ದರೆ ಹೊರಟುಹೋಗಲಿ.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ನನ್ನ ಒಂದು ಬಿನ್ನಹವುಂಟು. ಅವಳು ಬರುವುದಕ್ಕೆ ಮುಂಚೆ ನಿಮ್ಮಲ್ಲಿ ಯಾರಿಗಾದರೂ ಬಿಡುವು ದೊರೆತರೆ ಈ ಸುಳಿವನ್ನು ಹಿಡಿದು ಹೋಗಿರಿ. ಹೋಗುವಾಗ ದಾರಿಯ ಕಲ್ಲುಗಳನ್ನೂ ಓದಿರಿ. ಸಾಧ್ಯವಾದರೆ ಹೆಸರುಗಳನ್ನು ಬರೆದುಕೊಂಡು ಬಂದು ಶಾಲೆಯ ಪುಸ್ತಕಭಂಡಾರಕ್ಕೆ ಕೊಡಿರಿ. ಕಲ್ಲುಹೂವು ಕಟ್ಟಿದ ಕಲ್ಲನ್ನು ತಂತಿಯ ಕುಂಚದಿಂದ ಉಜ್ಜಬೇಡಿರಿ, ಸುಣ್ಣವನ್ನಾಗಲಿ ಆಮ್ಲವನ್ನಾಗಲಿ ಹಾಕಬೇಡಿರಿ. ಬರಿಯ ನೀರೂ ಮೆತ್ತನೆಯ ಬಟ್ಟೆಯೂ ಸಾಕು. ಬೆಳಗಿನ ಓರೆ ಬಿಸಿಲಿನಲ್ಲಿ ಮಾಸಿದ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ನಾಲ್ಕಾಣೆ ಕೊಟ್ಟವರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಪೆಟ್ಟಿಗೆಯ ಪುಸ್ತಕದಲ್ಲಿ ನಿಮ್ಮ ಹೆಸರನ್ನೂ ನೀವು ಓದಿದ ವರ್ಷವನ್ನೂ, ಆಕೆಯ ವಿಷಯವಾಗಿ ನಿಮಗೆ ನೆನಪಿರುವ ಒಂದು ಮಾತನ್ನೂ ಬರೆಯಿರಿ. ದುಂಡಾದ ಅಕ್ಷರಗಳಲ್ಲಿ, ಕನ್ನಡದಲ್ಲಿಯೇ ಬರೆಯಿರಿ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅದನ್ನು ಕೂಡಿಸಿ ಕೂಡಿಸಿ ಓದುವಳು.

ಆ ಪುಸ್ತಕದ ಮೊದಲನೆಯ ಪುಟದಲ್ಲಿ, ಕಲ್ಲಿನ ಮೇಲೆ ಹಿಡಿಸದೆ ಹೋದ ನನ್ನ ತಾಯಿಯ ಹೆಸರನ್ನು ಪೂರ್ತಿಯಾಗಿ ಬರೆದಿಟ್ಟಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಬಂದು ಓದಿರಿ.

ಒಬ್ಬ ಹಳೆಯ ವಿದ್ಯಾರ್ಥಿನಿ